ಹೊಸ್ತಿಲ ಮುಂದ ನಾಲ್ಕು ಲಿಂಬಿ ಹೋಳು

ನಾ ಗೆರಿ ಎಳದಲ್ಲೆಲ್ಲ ಏನಾರ ಒಂದು ಆಗೇ ಆಗತೈತ್ರಿ. ಆನೆಗೊಂದಿ ಕಡೆ, ಕಲ್ಲುಗುಡ್ಡದ ನಡುವಿನ ಹೈಸ್ಕೂಲಿನಾಗ ವಿಜ್ಞಾನದ ಟೀಚರು ನಾನು. ಪಾಠ ನೆನಪುಳಿಲಿ ಅಂತ ನೆಲದ ಮ್ಯಾಲ ನಕ್ಷೆ ಬರಸ್ತೀನಿ: ನಡುವ ಒಂದು ವಿಷಯ, ಸುತ್ತ ಟೊಂಗಿ, ಟೊಂಗಿಗೊಂದು ಮಾತು.

೧. ದಾಟದ ಸಾರು

ಮೊದಲ ದಿನ ವರಾಂಡದಾಗ ರಂಗೋಲಿ ಪುಡಿಲೆ ಜೀರ್ಣಾಂಗದ ನಕ್ಷೆ ಬರಸಿದೆ. ಬಿಸಿಯೂಟದ ಅಡಗಿಯಾಕಿ ಸಾರಿನ ಬಕೆಟ್ ಹಿಡ್ಕೊಂಡು ಬಂದಾಕಿ ಗೆರಿ ದಾಟಾಕ ಅಂಜಿ ಗಕ್ಕನ ನಿಂತ್ಲು. ಹಿಂದ ಬಂದ ನಾಯಿ ಸುದ್ದಾ ಮೂಸಿ ನೋಡಿ ಹಿಂದ ಸರೀತು.

"ಬರ್ರಿ ಅಕ್ಕಾರ, ಅದು ಬರೇ ಕರುಳು" ಅಂದೆ.

"ಯಾರದ್ರಿ?" ಅಂದಾಕಿ, ಬಕೆಟ್ ಅಲ್ಲೇ ಇಟ್ಟು ಓಡಿದ್ಲು.

೨. ಅಮಾಸಿ ಮುಂಜಾನೆ

ಹತ್ತನೇ ಕ್ಲಾಸಿನಾಗ ಒಬ್ಬಾಕಿ ಹುಡುಗಿ ಇದ್ಲು. ಓದಿದ್ದು ತಲ್ಯಾಗ ನಿಲ್ತಿರಲಿಲ್ಲ. "ಈ ಸಲ ಫೇಲಾದ್ರ ಸಾಲಿ ಬಿಡಸ್ತೀನಿ" ಅಂತ ಅವರವ್ವ ಹೇಳಿಬಿಟ್ಟಿದ್ಲು. ನಕ್ಷೆ ಕಲ್ತ ಮ್ಯಾಲ ಹುಡುಗಿ ಮುಖಕ್ಕ ಕಳಿ ಬಂದಿತ್ತು.

ಅಮಾಸಿ ದಿನ ಅವರವ್ವ ಹೊಸ್ತಿಲ ದಾಟಾಕ ಅಂಜಿ, ತಮ್ಮ ಹಿತ್ತಲ ಬಾಗಲದಿಂದ ನನ್ನ ಮನಿಗಿ ಓಡಿ ಬಂದ್ಲು. "ಟೀಚರ್ರ, ನಮ್ಮ ಮನಿಗಿ ಯಾರೋ ಮಾಟ ಮಾಡ್ಯಾರ!"

ಹೋದ್ರ ಓಣಿ ಮಂದಿಯೆಲ್ಲ ದೂರ ನಿಂತು ನೋಡಾಕತ್ತಿದ್ರು. ಹೊಸ್ತಿಲ ಮುಂದ ಕುಂಕುಮ, ಅರಬಿಗೆ ಹಾಕೋ ನೀಲಿ, ನಟ್ಟನಡುವ ನಾಲ್ಕು ಲಿಂಬಿ ಹೋಳು. ನಾನೂ ಒಂದು ಹೆಜ್ಜಿ ಹಿಂದ ಸರದೆ. ಆಮ್ಯಾಲ ಸುತ್ತ ಎಳದ ಟೊಂಗಿ ಮ್ಯಾಲಿನ ಅಕ್ಷರ ಓದಿದೆ. ಹೃದಯದ ನಾಲ್ಕು ಕೋಣಿ!

"ನಾನ ಬರದೀನ್ರಿ, ಪರೀಕ್ಷಾಕ್ಕ" ಅಂದ್ಲು ಹುಡುಗಿ.

"ಮಾಟ ಮಾಡಿದಾಕಿ ಮನಿಯಾಗ ಅದಾಳ!" ಅಂತ ಅವರವ್ವ ಎದಿ ಬಡ್ಕೊಂಡ್ಲು.

"ಕಲಿಸಿದಾಕಿ ಬಾಗಲದಾಗ ಅದಾಳ!" ಅಂದ್ಲು ಬಾಜು ಮನಿಯಾಕಿ.

೩. ಮಾಟ ತೆಗೆಯೋ ಅಜ್ಜ

"ಇವತ್ತಿಗೆ ಸಾಲಿ ಸಾಕು" ಅಂತ ಅವರವ್ವ ಹುಡುಗಿ ಚೀಲ ಕಸ್ಕೊಂಡ್ಲು. ಅಷ್ಟರಾಗ ಮಾಟ ತೆಗೆಯೋ ಅಜ್ಜನ್ನ ಕರ್ಕೊಂಡು ಬಂದ್ರು.

ಅಜ್ಜ ಬೇವಿನ ತಪ್ಪಲ ಹಿಡ್ದು ನಕ್ಷೆ ಮೂರು ಸುತ್ತು ಹಾಕಿದ. "ಏನಿದು? ಬಾಯಿಬಿಟ್ಟು ಹೇಳು" ಅಂದ.

ಹುಡುಗಿ ಕಣ್ಣು ಮುಚ್ಚಿ ಸಣ್ಣ ದನಿಲೆ ಸುರು ಮಾಡಿದ್ಲು. "ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸ ಅಪಧಮನಿ, ಪುಪ್ಪುಸ..." ಬರಬರತ ದನಿ ಗಟ್ಟಿ ಆತು. ರಕ್ತ ಮೈಯೆಲ್ಲ ಸುತ್ತಿ ಮತ್ತ ಹೃದಯಕ್ಕ ಬರೋತನ ಒಂದೂ ತಪ್ಪಲಿಲ್ಲ. ಅಜ್ಜನ ಕೈಯಾಗಿನ ತಪ್ಪಲ ಜಾರಿ ಬಿತ್ತು.

"ಯವ್ವಾ, ಇಕಿನ್ನ ಸಾಲಿ ಬಿಡಿಸಬ್ಯಾಡ" ಅಂದ ಅವರವ್ವಗ. "ಇಂಥಾ ಬಾಯಿಪಾಠ ನಾ ಎಲ್ಲೂ ಕಂಡಿಲ್ಲ."

ಅವರವ್ವ ಚೀಲ ತಿರುಗಿ ಕೊಟ್ಲು. ನನ್ನ ಕಣ್ಣಾಗ ನೀರು ಬಂತು.

ಹೊರಡೋ ಮುಂದ ಅಜ್ಜ ನನ್ನನ್ನ ಗ್ವಾಡಿ ಮಗ್ಗಲಕ ಕರದು, ಅತ್ತಿತ್ತ ನೋಡಿ, ಕಿವ್ಯಾಗ ಅಂದ:

"ಟೀಚರ್ರ, ನನಗೂ ಇಂಥಾದೊಂದು ಬರದುಕೊಡ್ರಿ. ಎರಡು ವರ್ಷಾತು, ಮಂತ್ರ ಎಲ್ಲಾ ಮರ್ತೀನಿ. ಬರೇ ತುಟಿ ಅಲ್ಲಾಡಿಸಾಕತ್ತೀನಿ."