ನನ್ನ ಗಣಿಯ ಮೆಟ್ಟಿಲುಗಳು

ಪುಕ್ಕಟೆ ಬಂದದ್ದನ್ನು ಮೂಸಿ ನೋಡದೆ ಮುಟ್ಟುವವನಲ್ಲ ನಾನು. ಮದುವೆ ಮನೆಯಲ್ಲಿ ಕೇಳದೆ ಎರಡನೇ ಹೋಳಿಗೆ ಬಡಿಸಿದರೂ ಇದೇಕಪ್ಪಾ ಇಷ್ಟು ಉಪಚಾರ ಎಂದು ಬಡಿಸಿದವನ ಮುಖ ನೋಡುತ್ತೇನೆ. ಅಂಥವನ ತರಗತಿಗೆ ಡಿಜಿಟಲ್ ಗ್ರಂಥಾಲಯ ಬಂತು. ಲಕ್ಷಗಟ್ಟಲೆ ಪುಸ್ತಕವಂತೆ, ಹಳೆಯ ಫೋಟೋಗಳಂತೆ, ಇಡಲು ಒಂದು ಬೀರುವೂ ಬೇಡವಂತೆ! ಧೂಳಿಲ್ಲದ ಗ್ರಂಥಾಲಯವನ್ನು ನಂಬುವುದು ಹೇಗೆ? ಯಾರು ಏನು ಬೇಕಾದರೂ ತುರುಕಿರಬಹುದು. ಮಕ್ಕಳು ಅದನ್ನೇ ನಿಜವೆಂದುಕೊಂಡರೆ ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ನನ್ನ ಮಾತಿಗೆ ಏನು ಬೆಲೆ? ನಿಜ ಹೇಳುತ್ತೇನೆ, ನನಗೆ ಭಯವೇ ಆಗಿತ್ತು.

ನಾನು ಬಂಗಾರಪೇಟೆಯವನು. ಪಕ್ಕದೂರಿನ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಯ ಕೋರಮಂಡಲ್‌ನ ಶಾಲೆಗೆ ಸಮಾಜದ ಮೇಷ್ಟ್ರಾಗಿ ಬಂದೆ. ಬೆಳಿಗ್ಗೆ ರೈಲಿಳಿದು ಸಂಜೆ ರೈಲು ಹತ್ತುವವನಿಗೆ ಗಣಿಯೆಂದರೆ ಬೋರ್ಡಿನ ಮೇಲೆ ಬರೆಯುವ ಚಿತ್ರ. ಆ ಚಿತ್ರ ನನ್ನ ಹೆಮ್ಮೆ. ನೆಲದಿಂದ ಪಾತಾಳದವರೆಗೆ ಸಾಲು ಮೆಟ್ಟಿಲು, ತಲೆಗೆ ದೀಪ ಕಟ್ಟಿಕೊಂಡು ಒಬ್ಬರ ಹಿಂದೊಬ್ಬರು ಇಳಿಯುವ ಕಾರ್ಮಿಕರು.

"ಒಂದ್ಸಲ ತೋರ್ಸಿಬಿಡಿ ಸಾರ್, ಮೇಲ್ನೋರು ಕೇಳ್ತಾರೆ" ಎಂದು ಹೆಡ್‌ಮೇಡಂ ಬೆನ್ನು ಬಿದ್ದರು. ಸರಿ, ತಪ್ಪು ಹುಡುಕಲೆಂದೇ ಏಳನೇ ತರಗತಿಯಲ್ಲಿ ಗಣಿಯ ಫೋಟೋ ತೆರೆದೆ. ಸಿಕ್ಕೇಬಿಟ್ಟಿತು! ಕಾರ್ಮಿಕರನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ಉಕ್ಕಿನ ಹಗ್ಗ ಕಟ್ಟಿ ಇಳಿಸುತ್ತಿದ್ದಾರೆ. "ನೋಡಿದಿರಾ? ಇದಕ್ಕೇ ನಂಬಬೇಡಿ ಅಂದದ್ದು. ಮನುಷ್ಯರೇನು ಕೋಳಿಗಳೇ?" ಎಂದು ಗೆದ್ದ ದನಿಯಲ್ಲಿ ಕೇಳಿದೆ.

ಯಾರೂ ನಗಲಿಲ್ಲ. ನಂದಿದುರ್ಗ ಗಣಿಯ ಕಾರ್ಮಿಕರ ಲೈನುಮನೆಗಳಿಂದ ಬರುವ ಸೆಲ್ವಿ ಮೆಲ್ಲಗೆ ಎದ್ದು ನಿಂತಳು. "ಸಾರ್, ಅದು ಕೇಜು. ನಮ್ ತಾತ ಅದ್ರಾಗೇ ಇಳೀತಿದ್ದಿದ್ದು."

"ಹಾಗಾದರೆ ನನ್ನ ಮೆಟ್ಟಿಲು?"

"ಅದು ಪರೀಕ್ಷೆಗೆ ಸಾರ್. ನಮ್ಮಮ್ಮ ನಿಮ್ಮತ್ರಾನೇ ಓದಿದ್ದು. 'ಮೆಟ್ಲು ಅಂತ್ಲೇ ಬರೀಮ್ಮಾ, ಪಾಪ, ಒಳ್ಳೇ ಮೇಷ್ಟ್ರು, ಬೇಜಾರ್ ಮಾಡ್ಕೊಂತಾರೆ' ಅಂದವ್ಳೆ."

ತಾತಂದಿರು ಇಳಿದ ಗಣಿಯನ್ನು ಮನೆಯಲ್ಲೇ ಬಿಟ್ಟು ಬಂದು, ಅಮ್ಮ ಮಗಳು ಇಬ್ಬರೂ ನನ್ನ ಗಣಿಯನ್ನು ಬಾಯಿಪಾಠ ಮಾಡಿದ್ದರು. ಕಂಡದ್ದನ್ನೆಲ್ಲ ಅನುಮಾನಿಸಿದವನು ನಾನು, ನನ್ನ ಕೈಯ ಸೀಮೆಸುಣ್ಣವನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

"ನಾನು ಹೇಳಿಕೊಟ್ಟದ್ದರಲ್ಲಿ ಇಂಥದ್ದು ಇನ್ನೂ ಏನಾದರೂ ಇದೆಯೇನ್ರೋ?" ಎಂದು ಕೇಳಿದೆ.

"ಇಲ್ಲಾ ಸಾರ್!" ಇಡೀ ತರಗತಿ ಒಂದೇ ಬಾಯಲ್ಲಿ ಕೂಗಿತು.

ಇಷ್ಟು ವರ್ಷದಲ್ಲಿ ನನ್ನ ಯಾವ ಪ್ರಶ್ನೆಗೂ ಅಷ್ಟು ಬೇಗ, ಅಷ್ಟು ಒಗ್ಗಟ್ಟಿನಿಂದ ಉತ್ತರ ಬಂದದ್ದಿಲ್ಲ. ಈಗ ಪ್ರತಿ ಪಾಠಕ್ಕೂ ಮುಂಚೆ ಬಾಗಿಲು ಹಾಕಿಕೊಂಡು ಆ ಗ್ರಂಥಾಲಯ ತೆರೆದು ಕೂರುತ್ತೇನೆ, ಮಕ್ಕಳು ಪಾಪ ಎಂದು ತಿದ್ದದೆ ಬಿಟ್ಟ ನನ್ನ ತಪ್ಪು ಇನ್ನೆಷ್ಟಿದೆಯೋ ನೋಡೋಣವೆಂದು.