ತುಳಸಿಕಟ್ಟೆಯಲ್ಲಿ ಮಾವ ಯಾರು?

ವಯಸ್ಸಾದಂತೆ ಹೆದರಿಕೆ ಕಡಿಮೆಯಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಜಿರಲೆಯ ಹೆದರಿಕೆ ಮಾತ್ರ ಇತ್ತು. ಈಗ ಜಿರಲೆಯ ಜೊತೆಗೆ ಉಪ್ಪಳದಲ್ಲಿ ಹೈವೇ ದಾಟುವುದು, ಪ್ಲಸ್ ಟು ಫಲಿತಾಂಶ, ಗುಡುಗು, ಇವೆಲ್ಲದರ ಮೇಲೆ ಅತ್ತೆ. ನನ್ನ ಅತ್ತೆ ಗದರುವವರಲ್ಲ, ಕೊಂಕು ಆಡುವವರೂ ಅಲ್ಲ. ಅವರ ಮೇಲೆ ನನಗಿರುವ ದೂರು ಒಂದೇ. ನಾನು ಶಾಲೆಯಲ್ಲಿ ಕಲಿಸುವ ಸಸ್ಯಶಾಸ್ತ್ರವನ್ನೇ ಅವರು ನಿವೃತ್ತರಾಗುವವರೆಗೆ ಕಲಿಸಿದವರು. ಬಸಳೆ ಕೊಯ್ಯಲು ಹೋದರೂ ಹಿಂದಿನಿಂದ ಬಂದು, "ಈ ಎಲೆ ಯಾಕೆ ಇಷ್ಟು ದಪ್ಪ, ಹೇಳು ನೋಡುವ" ಎನ್ನುತ್ತಾರೆ. ನಾನು ಬಸಳೆ ಹಿಡಿದು ಬೆವರುತ್ತೇನೆ.

ಈ ಸಲ ಆಟಿ ತಿಂಗಳ ಜೋರು ಮಳೆಯಲ್ಲಿ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಮುಳ್ಳೇರಿಯಕ್ಕೆ ಹೊರಟರು. ಹೊರಡುವಾಗ ಬ್ಯಾಗನ್ನು ಆಟೋದಲ್ಲಿಟ್ಟು, ಮತ್ತೆ ಇಳಿದು ಬಂದು, ಅಂಗಳದ ತುಳಸಿಕಟ್ಟೆಯ ಮುಂದೆ ನಿಂತು ನನ್ನ ಕೈ ಹಿಡಿದರು. "ಬೇರೆ ಎಂತ ಆದ್ರೂ ತೊಂದ್ರೆ ಇಲ್ಲ. ಇದೊಂದನ್ನು ನೋಡಿಕೊ, ಆಯ್ತಾ?" ಎಂದರು. ಆ ತುಳಸಿಯನ್ನು ಮಾವ ತೀರಿಕೊಳ್ಳುವ ಮುಂಚಿನ ಮಳೆಗಾಲದಲ್ಲಿ ತಮ್ಮ ಕೈಯಾರೆ ನೆಟ್ಟಿದ್ದರು. ಮಾವನ ಅಂಗಿ, ಕನ್ನಡಕ ಎಲ್ಲವನ್ನೂ ಯಾರ್ಯಾರಿಗೋ ಕೊಟ್ಟಾಗಿತ್ತು. ಜೀವಂತವಾಗಿ ಉಳಿದಿದ್ದದ್ದು ಅದೊಂದೇ.

ಅವರು ಹೋದ ಕೆಲವೇ ದಿನಗಳಲ್ಲಿ ತುಳಸಿಯ ಬುಡದಲ್ಲಿ ಒಂದು ತುಂಬೆ ಗಿಡ ಎದ್ದಿತು. ಕೀಳೋಣವೆಂದು ಕೈ ಚಾಚಿದೆ, ತುಂಬೆ ಶಿವನಿಗೆ ಪ್ರೀತಿ ಎಂಬುದು ನೆನಪಾಗಿ ಕೈ ಹಿಂದೆ ಬಂತು. ಆದರೆ ತರಗತಿಯಲ್ಲಿ ನಾನು ಅದೇ ವಾರ ಕಲಿಸುತ್ತಿದ್ದ ಪಾಠ ಯಾವುದು ಗೊತ್ತೇ? ಒಂದೇ ನೀರು, ಒಂದೇ ಗೊಬ್ಬರ, ಒಂದೇ ಬೆಳಕನ್ನು ನೆಚ್ಚಿಕೊಂಡ ಎರಡು ಜಾತಿಯ ಗಿಡಗಳು ಒಟ್ಟಿಗೆ ಬಾಳಲಾರವು, ಬಲವಾದದ್ದು ಇನ್ನೊಂದನ್ನು ಮುಗಿಸಿಬಿಡುತ್ತದೆ ಎಂಬ ಪಾಠ. ನಾನೇ ಬೋರ್ಡಿನ ಮೇಲೆ ಬರೆದದ್ದನ್ನು ಓದಿ ನನಗೇ ಎದೆ ಡವಡವ ಎಂದಿತು.

ನನ್ನ ಹೆದರಿಕೆಗೆ ಸರಿಯಾಗಿ ತುಳಸಿ ಎಲೆ ಉದುರಿಸತೊಡಗಿತು. ಅತ್ತೆ ವಿಡಿಯೋ ಕಾಲ್ ಮಾಡಿ, "ತುಳಸಿ ತೋರಿಸು" ಎಂದರೆ ನಾನು ಫೋನನ್ನು ಅಲ್ಲಾಡಿಸಿ, "ನೆಟ್‌ವರ್ಕ್ ಇಲ್ಲ ಅತ್ತೆ, ಮಳೆ" ಎನ್ನುತ್ತಿದ್ದೆ. ಹೊರಗೆ ಬಿಸಿಲು ಇರುತ್ತಿತ್ತು. ಕೊನೆಗೆ ಒಂದು ಗಾಳಿಮಳೆಗೆ ಒಣಗಿದ ಕಾಂಡ ಬುಡದಲ್ಲೇ ಮುರಿಯಿತು. ಆ ದಿನ ನಾನು ಊಟ ಮಾಡಲಿಲ್ಲ. ಮಾರನೆಯ ದಿನ ಶಾಲೆಯಿಂದ ಬರುವಾಗ ನರ್ಸರಿಯಿಂದ ಒಂದು ತುಳಸಿ ತಂದು ಯಾರಿಗೂ ಕಾಣದಂತೆ ಕಟ್ಟೆಯಲ್ಲಿ ನೆಟ್ಟೆ. ನನ್ನವರೂ ಹೆದರಿಕೆಯಲ್ಲಿ ನನಗಿಂತೇನೂ ಕಡಿಮೆಯಲ್ಲ. ಅವರು ಪೈವಳಿಕೆಯ ಗೆಳೆಯರ ಮನೆಯಿಂದ ಒಂದು ಸಸಿ ತಂದು, ನನಗೆ ಹೇಳದೆ ಅಲ್ಲೇ ಊರಿದ್ದರು. ಸಾಲದ್ದಕ್ಕೆ ಹಳೆಯ ಗಿಡದ ಬೀಜ ಬಿದ್ದು ಮರಿಗಳೂ ಎದ್ದವು. ಒಂದು ದಿನ ನೋಡಿದರೆ ಕಟ್ಟೆಯ ತುಂಬ ತುಳಸಿ!

"ಇಷ್ಟು ತುಳಸಿ ಎಲ್ಲಿಂದ ಮಾರಾಯ್ತಿ?" ಎಂದು ನನ್ನವರು ಮುಗ್ಧರಂತೆ ಕೇಳಿದರು.

"ನನಗೆಂತ ಗೊತ್ತು? ಮಳೆಗೆ ಹುಟ್ಟಿದ್ದಿರಬೇಕು" ಎಂದೆ. ಒಬ್ಬರ ಮುಖ ಒಬ್ಬರು ನೋಡಿದ್ದೇ ಇಬ್ಬರ ಗುಟ್ಟೂ ಬಯಲಾಯಿತು.

ಹೆಚ್ಚಾದದ್ದನ್ನು ಕಿತ್ತುಬಿಡಿ ಎಂದು ನೀವು ಹೇಳಬಹುದು. ತುಳಸಿ ಕಿತ್ತವರುಂಟೇ? ಶುಕ್ರವಾರ ಆಗದು, ದ್ವಾದಶಿಗೆ ಆಗದು, ಉಳಿದ ದಿನ ಧೈರ್ಯ ಆಗದು. ಅಷ್ಟರಲ್ಲಿ ತುಳಸಿಗಳೆಲ್ಲ ಒಂದನ್ನೊಂದು ಒತ್ತಿ ಬಡಕಲಾದವು, ನಾನು ವೈರಿ ಎಂದುಕೊಂಡಿದ್ದ ತುಂಬೆ ಮಾತ್ರ ಬಿಳಿ ಹೂ ಬಿಟ್ಟು ತನ್ನ ಪಾಡಿಗೆ ನಿಂತಿತ್ತು. ಪಾಠದ ಮುಂದಿನ ಭಾಗ ಕಲಿಸುವಾಗ ಸೀಮೆಸುಣ್ಣ ಕೈಯಲ್ಲೇ ನಿಂತಿತು. ನಮ್ಮ ಮುರಕಲ್ಲಿನ ಪಾರೆಯ ಬೋಳು ಬಂಡೆಹಾಸಿನ ಮೇಲೆ ಮಳೆಗಾಲದಲ್ಲಿ ಅಷ್ಟೊಂದು ಬಗೆಯ ಹೂಗಿಡಗಳು ಒಟ್ಟಿಗೆ ಬಾಳುವುದು ಹೇಗೆ? ಒಂದರ ಬೇರು ಮೇಲೆ, ಇನ್ನೊಂದರದ್ದು ಆಳದಲ್ಲಿ. ಒಂದು ಮಳೆಗೆ ಹಿಗ್ಗಿದರೆ ಇನ್ನೊಂದು ಬಿಸಿಲಿಗೆ ಕಾಯುತ್ತದೆ. ಮುಖ್ಯವಾಗಿ, ಪ್ರತಿಯೊಂದು ಜಾತಿಯೂ ಪರರಿಗಿಂತ ತನ್ನವರನ್ನೇ ಹೆಚ್ಚು ಹಿಂಡುತ್ತದೆ. ಹಾಗಿರುವಾಗ ಯಾವ ಜಾತಿಯೂ ಮಿತಿಮೀರಿ ಹಬ್ಬುವುದಿಲ್ಲ, ಪರರಿಗೂ ಜಾಗ ಉಳಿಯುತ್ತದೆ. ಎಂದರೆ ಮಾವನ ತುಳಸಿಯ ಅಳಿದುಳಿದ ಬೇರಿಗೆ ತುಂಬೆಯಿಂದ ಬಂದ ಅಪಾಯ ಸ್ವಲ್ಪ. ಅದನ್ನು ಉಳಿಸಲು ಹೊರಟ ನಮ್ಮಿಬ್ಬರಿಂದ ಬಂದದ್ದೇ ಹೆಚ್ಚು.

ಮಳೆ ಬಿಟ್ಟಿತು. ತುಂಬೆ ತನ್ನ ಬೀಜವನ್ನು ಮಣ್ಣಿಗೆ ಒಪ್ಪಿಸಿ ತಾನಾಗಿ ಒಣಗಿತು. ತುಳಸಿಗಳಲ್ಲಿ ಕೆಲವು ಸತ್ತು ಮೂರು ಉಳಿದವು, ಮೂರೂ ಒಂದೇ ಎತ್ತರ. ಅವುಗಳಲ್ಲಿ ಒಂದು ಮಾವನ ಹಳೆಯ ಬೇರಿನಿಂದ ಚಿಗುರಿದ್ದೋ, ಅದರ ಬೀಜದ ಮರಿಯೋ, ಎಲ್ಲವೂ ಹೊರಗಿನವೋ, ದೇವರಿಗೇ ಗೊತ್ತು. ತುಳಸಿಪೂಜೆ ಹತ್ತಿರವಾಯಿತೆಂದು ಅತ್ತೆ ಹೇಳದೆ ಕೇಳದೆ ಬಂದಿಳಿದರು. ಬ್ಯಾಗನ್ನೂ ಇಡದೆ ಕಟ್ಟೆಯ ಮುಂದೆ ನಿಂತರು.

"ಇದರಲ್ಲಿ ಮಾವನದ್ದು ಯಾವುದು?" ಎಂದು ಕೇಳಿದರು.

ಅವರ ದನಿಯಲ್ಲಿ ನನಗೆ ಕೇಳಿಸಿದ್ದು ಪರೀಕ್ಷೆ. ಗೊತ್ತಿಲ್ಲದಿದ್ದರೂ ಏನಾದರೂ ಬರೆಯಿರಿ ಎಂದು ಮಕ್ಕಳಿಗೆ ಹೇಳುವವಳು ನಾನು. ನಡುವಿನ ಗಿಡಕ್ಕೆ ಬೆರಳು ತೋರಿಸಿದೆ.

"ಹೌದಾ? ನನಗೆ ಗುರ್ತವೇ ಸಿಗ್ಲಿಲ್ಲ ಮಗಾ, ಹೆದರಿಹೋಯ್ತು. ನೀನಿದ್ದದ್ದು ಒಳ್ಳೇದಾಯ್ತು" ಎಂದು ಅತ್ತೆ ಕಣ್ಣೊರೆಸಿಕೊಂಡರು. ಅವರೂ ಹೆದರಬಲ್ಲರು ಎಂಬುದು ನನಗೆ ಹೊಳೆದಿರಲೇ ಇಲ್ಲ. ಆಮೇಲೆ, "ಒಂದರ ಮೇಲೊಂದು ಬೇಡ, ಉಳಿದದ್ದನ್ನು ಕಾಂಪೌಂಡಿನ ಬದಿಗೆ ನೆಡಿ" ಎಂದರು. ನಾನೂ ನನ್ನವರೂ ಎರಡನ್ನೂ ಎತ್ತಿದೆವು. ಬೇರು ಹಳೆಯದೋ ಹೊಸದೋ ಎಂದು ನೋಡಿದ್ದರೆ ಸತ್ಯ ಗೊತ್ತಾಗುತ್ತಿತ್ತು. ಇಬ್ಬರಿಗೂ ಧೈರ್ಯ ಸಾಲದೆ, ದೊಡ್ಡ ಮಣ್ಣಿನ ಹೆಂಟೆಯ ಸಮೇತ ಅಗೆದು ಸಾಗಿಸಿದೆವು.

ಈಗ ಅತ್ತೆ ಸಂಜೆ ದೀಪ ಇಟ್ಟ ಮೇಲೆ ಆ ನಡುವಿನ ಗಿಡದ ಹತ್ತಿರ ಕುಳಿತು ಮನೆಯ ಸುದ್ದಿಯನ್ನೆಲ್ಲ ಮೆಲ್ಲಗೆ ಮಾವನಿಗೆ ಹೇಳುತ್ತಾರೆ. ನಾನು ಕಿಟಕಿಯ ಹಿಂದೆ ನಿಂತು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇನೆ. ಅವರು ಒಳಗೆ ಬಂದ ಮೇಲೆ, ಕಸ ಚೆಲ್ಲುವ ನೆವದಲ್ಲಿ ಕಾಂಪೌಂಡಿನ ಬದಿಗೆ ಹೋಗಿ, ಅಲ್ಲಿರುವ ಎರಡು ತುಳಸಿಗಳಿಗೂ ಅದನ್ನೇ ಇನ್ನೊಮ್ಮೆ ಹೇಳಿ ಬರುತ್ತೇನೆ.