ಅಪ್‌ಡೇಟ್ ಒತ್ತಿ ಮಾವನನ್ನು ಕಳೆದುಕೊಂಡದ್ದು

ಸೇಲಂನಲ್ಲಿ ದಿನವಿಡೀ ಬೆಳ್ಳಿ ಕಾಲುಗೆಜ್ಜೆಗೆ ಬೆಸುಗೆ ಹಾಕುವ ಕೈ ನನ್ನದು. ಹಾಗಾಗಿ ಯಾವ ಯಂತ್ರವನ್ನಾದರೂ ರಿಪೇರಿ ಮಾಡಬಲ್ಲೆ ಎಂಬ ನಂಬಿಕೆ ನನಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಮಾವನವರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ನಲ್ಲಂಪಳ್ಳಿ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದವರು. ಸಂಜೆ ಮಂದೆಯನ್ನು ಕರೆಯುವಾಗ ಒಂದು ಪದ ಹಾಡುತ್ತಿದ್ದರು. ನಮ್ಮ ಮದುವೆಯ ಹೊಸದರಲ್ಲಿ ಅವರು ಸೇಲಂಗೆ ಬಂದಾಗ ನಾನದನ್ನು ರೆಕಾರ್ಡ್ ಮಾಡಿದ್ದೆ. ಎಲ್ಲಿ? ನನ್ನ ಗೇಮ್ ಪೆಟ್ಟಿಗೆಯಲ್ಲಿ!

ಟಿವಿಗೆ ಜೋಡಿಸಿ ಆಡುವ ಆ ಪೆಟ್ಟಿಗೆಯಲ್ಲಿ ಆಗ ಒಂದು ವಿಶೇಷವಿತ್ತು. ಕಂಪನಿಯ ಆಪರೇಟಿಂಗ್ ಸಿಸ್ಟಮ್ ಪಕ್ಕದಲ್ಲೇ ಇನ್ನೊಂದನ್ನೂ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ಪೆಟ್ಟಿಗೆಯೇ ಕಂಪ್ಯೂಟರ್! ಮೈಕ್ ಚುಚ್ಚಿ ಮಾವನ ಹಾಡನ್ನು ತುಂಬಿಸಿದ್ದು ಆ ಇನ್ನೊಂದರೊಳಗೇ. ಆಮೇಲೆ ಕಂಪನಿಗೆ ಏನನ್ನಿಸಿತೋ, ಒಂದು ಅಪ್‌ಡೇಟ್ ಕಳಿಸಿ ಆ ಸೌಲಭ್ಯವನ್ನೇ ತೆಗೆದುಹಾಕಿತು. ನಾನು ಮಾತ್ರ ಜಾಣತನದಿಂದ ಅಪ್‌ಡೇಟ್ ಮಾಡದೆ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ್ದೆ.

ವರ್ಷದ ಪೂಜೆಗೆ ಗಂಡನ ಹಾಡು ಕೇಳಿಸಬೇಕೆಂದು ಅತ್ತೆಗೆ ಆಸೆ. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಭಾನುವಾರ ಅವರು ಧರ್ಮಪುರಿಯಿಂದ ಬಸ್ಸು ಹತ್ತಿದ ಸುದ್ದಿ ಬಂತು.

"ಕಾಫಿ ಕಾಯೋಷ್ಟ್ರಲ್ಲಿ ಆಯ್ತದೆ" ಎಂದು ಹೆಂಡತಿ ಮಲ್ಲಿಗಾಳಿಗೆ ಧೈರ್ಯ ಹೇಳಿ ಪೆಟ್ಟಿಗೆ ಇಳಿಸಿದೆ. ಟಿವಿಗೆ ಜೋಡಿಸಿದೆ. ವೈಫೈಗೂ ಜೋಡಿಸಿದೆ. ಯಾಕೆ ಎಂದು ಕೇಳಬೇಡಿ! ಪರದೆಯ ಮೇಲೆ ಉದ್ದನೆಯ ಬರಹ ಬಂತು, ಕೆಳಗೆ 'ಯೆಸ್', 'ನೋ'. ಫೋನಿನಲ್ಲಿ ಇಷ್ಟು ವರ್ಷ ಓದದೆ ಒತ್ತಿದ ಯೆಸ್ಸನ್ನೇ ಇಲ್ಲೂ ಒತ್ತಿದೆ.

ಪೆಟ್ಟಿಗೆ ಅಪ್‌ಡೇಟ್ ಆಯಿತು. ಇನ್ನೊಂದು ಸಿಸ್ಟಮ್‌ಗೆ ಹೋಗುವ ಬಾಗಿಲು ಮಾಯ!

"ಎನ್ನಂಗ, ಏನ್ರೀ, ಅಪ್ಪ ಎಲ್ಲಿ?" ಎಂದಳು ಮಲ್ಲಿಗಾ.

"ಒಳ್ಗೇ ಅವ್ರೆ. ಬಾಗ್ಲು ಮುಚ್ಕಂಡೈತೆ, ಅಷ್ಟೆ."

"ಮುಚ್ಚಿದ್ಯಾರು?"

ಇಂಥ ಪ್ರಶ್ನೆಗಳಿಂದ ಕಾರ್ಯಕ್ಕೆ ವಿಘ್ನವಾಗುತ್ತದೆಂದು ಫೋನಿನಲ್ಲಿ ಹುಡುಕತೊಡಗಿದೆ.

ಇಂಟರ್ನೆಟ್ಟಿನಲ್ಲಿ ಉಪಾಯ ಸಿಕ್ಕಿತು. ತೆಗೆದ ಸೌಲಭ್ಯವನ್ನು ಮರಳಿ ಸೇರಿಸಿದ ಸಿಸ್ಟಮ್ ಒಂದನ್ನು ಯಾರೋ ಪುಣ್ಯಾತ್ಮರು ತಯಾರಿಸಿಟ್ಟಿದ್ದರು. ಅದನ್ನು ಪೆನ್‌ಡ್ರೈವಿಗೆ ಹಾಕಿ ಪೆಟ್ಟಿಗೆಗೆ ಚುಚ್ಚಿದೆ. 'ಫೈಲ್ ಇಲ್ಲ' ಎಂದಿತು. ಪೆಟ್ಟಿಗೆಯನ್ನು ಬೈದೆ, ಕಂಪನಿಯನ್ನು ಬೈದೆ. ಆಮೇಲೆ ನೋಡಿದರೆ ಚುಚ್ಚಿದ್ದು ಮಲ್ಲಿಗಾಳ ಭಕ್ತಿಗೀತೆಗಳ ಪೆನ್‌ಡ್ರೈವ್!

ಸರಿಯಾದದ್ದನ್ನು ಚುಚ್ಚಿದ ಮೇಲೆ ಕೆಲಸ ಶುರುವಾಯಿತು. ಪೆಟ್ಟಿಗೆಯ ಫ್ಯಾನು ಸೇಲಂನ ಸಬ್ಬಕ್ಕಿ ಮಿಲ್ಲಿನಂತೆ ಮೊರೆಯಿತು. ಸದ್ದು ಕೇಳಿ ಪಕ್ಕದ ಮನೆಯ ಮುರುಗೇಶಣ್ಣ ಬಂದರು. ಅಲುಗಾಡದ ಪರದೆಯನ್ನು ನೋಡಿ, "ತಂಬಿ, ಹ್ಯಾಂಗ್ ಆಯಿಡುಚ್ಚು. ಆಫ್ ಪಣ್ಣಿ ಆನ್ ಪಣ್ಣು!" ಎಂದರು. ಕೆಟ್ಟ ಯಂತ್ರಗಳಿಗೆಲ್ಲ ಅವರ ಬಳಿ ಇರುವುದು ಆಫ್ ಮಾಡಿ ಆನ್ ಮಾಡುವ ಇದೊಂದೇ ಔಷಧಿ. 'ಆಫ್ ಮಾಡಬೇಡಿ' ಎಂದು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಆಫ್ ಮಾಡಿದೆ.

ಮತ್ತೆ ಆನ್ ಆಗಲಿಲ್ಲ. ಕೆಂಪು ದೀಪ ಮಿಣುಕತೊಡಗಿತು. "ಪೋಚ್ಚು!" ಎಂದು, ಕಥೆ ಮುಗಿಯಿತೆಂಬಂತೆ, ಮುರುಗೇಶಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಅಷ್ಟರಲ್ಲಿ ಅತ್ತೆ ಬಂದರು. ಕೈಕಾಲೂ ತೊಳೆಯದೆ ಪೆಟ್ಟಿಗೆಯ ಮುಂದೆ ಕೂತು ಕೆಂಪು ದೀಪಕ್ಕೆ ಕೈಮುಗಿದರು. "ಅಳಿಯಂದ್ರೆ, ನಿಮ್ಮಾವ ಇದ್ರೊಳ್ಗೇ ಅವ್ರಾ? ನಾನ್ ಬಂದಿವ್ನಿ ಅಂತ ಏಳಿ."

 ಹೋದ ವರ್ಷ ಊರೆಲ್ಲ ಸೇರಿ ಮಾವನನ್ನು ಮಣ್ಣು ಮಾಡಿತ್ತು. ಈಗ ನಾನೊಬ್ಬನೇ ಇನ್ನೊಮ್ಮೆ ಮಾಡಿದ್ದೆ. 

ಮಲ್ಲಿಗಾ ನನ್ನ ಫೋನ್ ಕಿತ್ತುಕೊಂಡಳು. ಇನ್ನು ಮುಂದೆ ಅವಳು ಸೂಚನೆ ಓದುವುದು, ನಾನು ಅಷ್ಟನ್ನೇ ಮಾಡುವುದು ಎಂದು ತೀರ್ಮಾನವಾಯಿತು. ಪವರ್ ಬಟನ್ ಒತ್ತಿ ಹಿಡಿದರೆ ರಿಪೇರಿಯ ಮೆನು ಬರುತ್ತದಂತೆ. ಹಿಡಿದೆ. ಬಂತು! ಪೆನ್‌ಡ್ರೈವಿನಿಂದ ಎಲ್ಲವನ್ನೂ ಮತ್ತೆ ಹಾಕಿದೆವು. ಕೊನೆಗೆ ಇನ್ನೊಂದು ಉದ್ದನೆಯ ಬರಹ, ಕೆಳಗೆ ಯೆಸ್, ನೋ. ಬೆರಳು ತಾನಾಗಿಯೇ ಯೆಸ್ ಕಡೆ ಹೊರಟಿತು.

"ಓದಿ!" ಎಂದು ಕಿರುಚಿದಳು ಮಲ್ಲಿಗಾ. "ಪೂರಾ ಓದಿ!"

ಓದಿದೆ. ಒಳಗಿರುವುದನ್ನೆಲ್ಲ ಅಳಿಸಿಬಿಡಲೇ ಎಂದು ಅದು ಕೇಳುತ್ತಿತ್ತು! ನೋ ಒತ್ತಿದೆ.

ಬಾಗಿಲು ತೆರೆಯಿತು. ಟಿವಿಯೊಳಗಿಂದ ಮಾವ ಕುರಿ ಕರೆದರು. ಅತ್ತೆ ಟಿವಿಯ ಹತ್ತಿರಕ್ಕೆ ಸರಿದು, ಕಣ್ಣು ಮುಚ್ಚಿ ಕೂತರು.  

ಪದ ಮುಗಿದರೂ ರೆಕಾರ್ಡಿಂಗ್ ಮುಗಿದಿರಲಿಲ್ಲ. ಮಾವ ಕೆಮ್ಮಿದರು. "ಮಲ್ಲಿಗಾ, ನಿನ್ ಗಂಡ ದಿನಾ ಈ ಪೆಟ್ಗೆ ಮುಂದ್ಲೇ ಕೂತಿರ್ತಾನಾ? ಇವ್ನಿಗಿಂತ ನಮ್ ಕುರಿಗಳೇ ವಾಸಿ ಕಣಮ್ಮಿ, ಕರದ್ರೆ ತಿರುಗಾದ್ರೂ ನೋಡ್ತವೆ!"

ಅತ್ತೆ ನಕ್ಕರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾವು ನೋಡಿರಲಿಲ್ಲ. "ಅವ್ರೇ! ಅವ್ರೇ ಮಾತಾಡ್ದಂಗೈತೆ! ಅದೇ ಜಾಗ ಇನ್ನೊಂದ್ಸಲ ಆಕಿ, ಅಳಿಯಂದ್ರೆ."

ಮಲ್ಲಿಗಾ ತಡಮಾಡದೆ ಇಡೀ ರೆಕಾರ್ಡಿಂಗನ್ನು ಎಲ್ಲರ ಫೋನಿಗೂ ಕಳಿಸಿದಳು. ಪೂಜೆಯ ದಿನ ನೆಂಟರೆಲ್ಲ ಭಕ್ತಿಯಿಂದ ಪದವನ್ನು ಒಂದು ಸಲ ಕೇಳಿದರು. ಕುರಿಯ ಮಾತನ್ನು ಮಾತ್ರ ಊಟಕ್ಕೆ ಎಲೆ ಹಾಕುವವರೆಗೂ ಮತ್ತೆ ಮತ್ತೆ ಸ್ಪೀಕರಿನಲ್ಲಿ ಹಾಕಿಸಿದರು. ಪ್ರತಿ ಸಲವೂ ಹಾಕಿದವನು ನಾನೇ!